ಮಂಚದ ಕೆಳಗಿನ ನಗೆಚಿತ್ರ

ನಮ್ಮ ಮನೆಯೊಳಗೆ ದೀಪ ಹಚ್ಚುವಂತಿರಲಿಲ್ಲ. ಪುಣೆಯ ಕಸಬಾ ಪೇಟೆಯ ಹಳೆಯ ವಾಡೆಯೊಂದರ ಹಿಂಬದಿಯಲ್ಲಿ ನಮಗಿದ್ದದ್ದು ಒಂದೂವರೆ ಖೋಲಿ. ಅರೆ ಖೋಲಿಯಲ್ಲಿ ಅವ್ವನ ಅಡುಗೆಯೂ ದೇವರೂ ಒಂದೇ ಗೋಡೆಗೆ ಆತುಕೊಂಡಿದ್ದವು. ದೊಡ್ಡ ಖೋಲಿಯಲ್ಲಿ ಒಂದು ಕಬ್ಬಿಣದ ಮಂಚ, ಮಂಚದ ಕೆಳಗೆ ರೊಟ್ಟಿ ಹಂಚಿನಷ್ಟು ಅಗಲದ ಎಂಟು ತಗಡಿನ ಡಬ್ಬಿ. ಆ ಡಬ್ಬಿಗಳು ಬಂದ ವಾರವೇ ಅಡುಗೆಯ ಸ್ಟೋವು ಅಂಗಳದ ಮೂಲೆಗೆ ಹೋಯಿತು. ದೇವರ ಮುಂದಿನ ದೀಪ ವಾಡೆಯ ತುಳಸಿಕಟ್ಟೆಗೆ ಹೋಯಿತು. ಊದುಬತ್ತಿ ನಿಂತಿತು. ಮಳೆಗಾಲದಲ್ಲಿ ನಾನು ಕೊಡೆ ಹಿಡಿದು ನಿಲ್ಲುತ್ತಿದ್ದೆ, ಅವ್ವ ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬೇಸಿಗೆಯಲ್ಲಿ ಮಂಚದ ಸುತ್ತ ಹಾಸಿದ ಗೋಣಿತಟ್ಟುಗಳಿಗೆ ಎರಡು ತಾಸಿಗೊಮ್ಮೆ ನೀರು ಚಿಮುಕಿಸುವುದು ನನ್ನ ಪಾಲಿನ ಕೆಲಸ. ಶಾಲೆಯಿಂದ ಬಂದವಳು ಪಾಟಿ ಇಡುವ ಮೊದಲು ಬಗ್ಗಿ ಮಂಚದ ಕೆಳಗೆ ಮೂಸಿ ನೋಡುತ್ತಿದ್ದೆ. ಬೇರೆ ಮಕ್ಕಳು ಮನೆಗೆ ಬಂದೊಡನೆ ತಿನ್ನಲು ಏನಿದೆ ಎಂದು ಮೂಸುತ್ತಿದ್ದರು.

ಡಬ್ಬಿಗಳಲ್ಲಿದ್ದದ್ದು ಒಂದು ನಗೆಚಿತ್ರ. ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ತೆಗೆದದ್ದು. ಅಪ್ಪ ಪೇಟೆಯ ಒಂದು ಥಿಯೇಟರಿನಲ್ಲಿ ಆಪರೇಟರ್ ಆಗಿದ್ದ. ಅಲ್ಲಿಯ ಗೋದಾಮು ಖಾಲಿ ಮಾಡಿ ಹಳೆಯ ರೀಲುಗಳನ್ನೆಲ್ಲ ಬೆಳ್ಳಿ ತೆಗೆಯುವವರಿಗೂ ಬಳೆ ಮಾಡುವವರಿಗೂ ಹಾಕಿಬಿಡುವಾಗ, ಇವನು ಎಂಟು ಡಬ್ಬಿಗಳನ್ನು ಬೇಡಿ ತಂದ. ಆ ಕಾಲದ ರೀಲು ಬೆಂಕಿಗೆ ಎಷ್ಟು ಹತ್ತಿರದ ನೆಂಟ ಎಂಬುದನ್ನು ಮುಚ್ಚಿಡಲಿಲ್ಲ. ಅಂಗಳದಲ್ಲಿ ನನ್ನನ್ನೂ ಅವ್ವನನ್ನೂ ನಿಲ್ಲಿಸಿ, ಬೆರಳುದ್ದದ ತುಂಡೊಂದಕ್ಕೆ ಕಡ್ಡಿ ಗೀರಿ, ಉರಿಯುವಾಗಲೇ ಬಕೆಟ್ಟಿನ ನೀರಿಗೆ ಎಸೆದ. ನೀರಿನೊಳಗೂ ಅದು ಉರಿಯಿತು. ಹಳದಿ ಹೊಗೆಯ ಗುಳ್ಳೆಗಳು ಮೇಲೆ ಬಂದವು. ಅಪ್ಪ ನಮಗೆ ಎಚ್ಚರಿಕೆ ಕಲಿಸಬೇಕೆಂದು ಇದನ್ನು ಮಾಡಿದ್ದ. ಅವ್ವ ಕಲಿತದ್ದು ಬೇರೆ.

"ಇದನ್ನ ನನ್ನ ಮಗಳು ಮಲಗೋ ಮಂಚದ ಕೆಳಗ ಇಡ್ತೀರಿ?"

"ನಾ ಇದ್ದೀನಲ್ಲ. ನನಗ ಗೊತ್ತದ ಅದರ ಸ್ವಭಾವ."

"ನಿಮಗ ಅದರ ಸ್ವಭಾವ ಗೊತ್ತದ. ಅದಕ್ಕ ನಿಮ್ಮ ಸ್ವಭಾವ ಗೊತ್ತದೇನು?"

ಅಂದಿನಿಂದ ನಾನು ನೆಲದ ಮೇಲೆ, ಬಾಗಿಲ ಬಳಿ ಮಲಗತೊಡಗಿದೆ. ಮಂಚದ ಮೇಲೆ ಯಾರೂ ಮಲಗುತ್ತಿರಲಿಲ್ಲ. ಅವರಿಬ್ಬರೂ ಕೂಗಾಡಿ ಜಗಳವಾಡಿದ್ದು ಕಡಿಮೆ. ಊಟಕ್ಕೆ ಕೂತಾಗ ತಾಟು ಇಡುವ ಸಪ್ಪಳದಿಂದಲೇ ಅಂದಿನ ಹವೆ ತಿಳಿಯುತ್ತಿತ್ತು. ದೀಪವಿಲ್ಲದ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂದು ಅವ್ವ ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು. ಅಪ್ಪ ಸೊರ್ರೆಂದು ಸಾರು ಸುರಿಯುತ್ತಿದ್ದ. ನನಗೆ ಇಬ್ಬರ ಮೇಲೂ ಸಿಟ್ಟಿತ್ತು, ಆದರೆ ಆ ಡಬ್ಬಿಗಳ ಮೇಲಿದ್ದಷ್ಟು ಯಾರ ಮೇಲೂ ಇರಲಿಲ್ಲ.

ಅಂಥದೇನಿತ್ತು ಆ ಚಿತ್ರದಲ್ಲಿ? ನಿಜ ಹೇಳಬೇಕೆಂದರೆ ಹೆಚ್ಚೇನಿರಲಿಲ್ಲ. ಒಂದು ಮದುವೆ, ಓಡಿಹೋದ ಒಬ್ಬ ವರ, ಅವನ ಬದಲಿಗೆ ಸಿಕ್ಕಿಬಿದ್ದ ಒಬ್ಬ ಪೋಸ್ಟ್‌ಮನ್. ಹೆಸರಿನ ಭಾಗ ಮೊದಲೇ ಹರಿದುಹೋಗಿದ್ದರಿಂದ ಚಿತ್ರದ ಹೆಸರೂ ಯಾರಿಗೂ ಗೊತ್ತಿಲ್ಲ, ಆಡಿದವರ ಹೆಸರೂ ಗೊತ್ತಿಲ್ಲ. ಮೈಕನ್ನು ಹೂದಾನಿಯಲ್ಲಿ ಅಡಗಿಸಿ ಇಟ್ಟಿದ್ದರಂತೆ, ಹಾಗಾಗಿ ಪ್ರತಿಯೊಬ್ಬರೂ ಮಾತು ಬಂದಾಗ ಹೂದಾನಿಯ ಹತ್ತಿರ ಓಡಿಬಂದು ಅದಕ್ಕೆ ಬೈಯುತ್ತಾರೆ, ಅದಕ್ಕೇ ಪ್ರೇಮ ನಿವೇದಿಸುತ್ತಾರೆ. ನಡುವೆ ಎಲ್ಲಿಂದಲೋ ಒಂದು ಕಾಗೆ ಕೂಗುತ್ತದೆ. ಅಪ್ಪನಿಗೆ ಇವೆಲ್ಲ ಸಂತೋಷವೇ, ಆದರೆ ಅವನ ಜೀವವಿದ್ದದ್ದು ನಾಲ್ಕನೆಯ ರೀಲಿನಲ್ಲಿ. ಮರಾಠಿ ಹಿಂದಿ ಕಲೆಸಿದ ಆ ಚಿತ್ರದಲ್ಲಿ ಮದುವೆ ಮನೆಯ ಅಡುಗೆಯವನೊಬ್ಬ ಸೌಟು ಹಿಡಿದು ಬಂದು, ಇದ್ದಕ್ಕಿದ್ದಂತೆ ಅಪ್ಪಟ ಧಾರವಾಡದ ಮಾತಿನಲ್ಲಿ, "ಮೊದಲ ಊಟಾ ಆಗ್ಲಿ, ಆಮ್ಯಾಲೆ ಬೇಕಾದ್ರ ಮದುವಿ ಮಾಡ್ಕೋರಿ!" ಎಂದು ಗದರಿ ಹೋಗುತ್ತಾನೆ. ಅಷ್ಟೇ. ಮತ್ತೆ ಬರುವುದಿಲ್ಲ. ಗೋದಾಮಿನಲ್ಲಿ ರೀಲು ಪರೀಕ್ಷಿಸುವಾಗ ಆ ಒಂದು ಮಾತು ಕೇಳಿ ಅಪ್ಪನಿಗೆ ತಡೆಯಲಾಗಲಿಲ್ಲವಂತೆ. ಊರು ಬಿಟ್ಟು ಬಂದು ದಿನವಿಡೀ ಮರಾಠಿಯಲ್ಲಿ ಬದುಕುತ್ತಿದ್ದವನಿಗೆ, ತನಗಿಂತ ಮೊದಲೇ ಇಲ್ಲಿ ಯಾರೋ ಬಂದು ನಮ್ಮ ಮಾತಿನಲ್ಲಿ ಬೈದು ಹೋಗಿದ್ದಾನೆ ಎಂಬುದು ಸಣ್ಣ ಸಂಗತಿಯಾಗಿರಲಿಲ್ಲ.

ಕಳೆದ ಶ್ರಾವಣದಲ್ಲಿ ಹಿಂಜವಡಿಯಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗನೊಬ್ಬ ನನ್ನ ವಾಕಡದ ಫ್ಲ್ಯಾಟಿಗೆ ಹುಡುಕಿಕೊಂಡು ಬಂದ. ಇಂಥ ಚಿತ್ರಗಳ ಚೂರುಪಾರು ಕೂಡಿಸುವುದೇ ಅವನ ಹುಚ್ಚು. "ಮೇಡಂ, ಈ ಫಿಲ್ಮ್‌ಗೆ ಹೆಸ್ರೇ ಇಲ್ಲ, ಅದೇ ಇದರ ಬ್ಯೂಟಿ. ಕಲೆಕ್ಟರ್ಸ್ ಎಲ್ಲ ಇದನ್ನ ಎಮ್ಮೆ ಪಿಕ್ಚರ್ ಅಂತಾರೆ. ಒಂದು ಫ್ರೇಮ್ ಸಿಕ್ಕಿದ್ರೂ ಸಾಕು" ಎಂದ. ಒಂಬತ್ತರಲ್ಲಿ ಏಳು ರೀಲು ನಕಲಾಗಿ ಉಳಿದಿವೆಯಂತೆ. ಒಳ್ಳೆಯ ಚಿತ್ರವನ್ನು ಊರೆಲ್ಲ ಪ್ರೀತಿಸುತ್ತದೆ. ಯಾರೂ ಕೇಳದ ಚಿತ್ರವನ್ನು ಪ್ರೀತಿಸಿದವನಿಗೆ ಅದು ತನ್ನೊಬ್ಬನದೇ ಎಂದು ಅನ್ನಿಸತೊಡಗುತ್ತದೆ, ರೋಗ ಶುರುವಾಗುವುದು ಅಲ್ಲಿಂದ. ಆ ಹುಡುಗನ ಕಣ್ಣಲ್ಲಿ ಅದನ್ನು ಕಂಡೆ. ಬೇರೆ ಬೇರೆಯಾಗಿದ್ದ ಒಂಬತ್ತು ರೀಲು ಒಂದೆಡೆ ಹೇಗೆ ಸೇರಿದವು ಎಂದು ಅವನು ಕೇಳಿದ. ಚಹಾ ಕೊಟ್ಟೆ, ಉತ್ತರ ಕೊಡಲಿಲ್ಲ. ಇಲ್ಲಿ ಕೊಡುತ್ತಿದ್ದೇನೆ.

ನಮ್ಮಲ್ಲಿ ಇಲ್ಲದಿದ್ದದ್ದು ಆರನೆಯ ರೀಲು. ಅದು ಬಾಪಟ ಮಾಸ್ತರರ ಬಳಿ ಇತ್ತು. ಬೆಳಗಾವಿಯಲ್ಲಿ ಬಹಳ ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾಗಿ, ಆಗಿನ್ನೂ ಹೊಲಗಳ ನಡುವೆ ಇದ್ದ ಧನಕವಡಿಯಲ್ಲಿ ಮನೆ ಮಾಡಿದ್ದ ಮರಾಠಿಗರು. ಕನ್ನಡವನ್ನು ನಮ್ಮಷ್ಟೇ ಸಲೀಸಾಗಿ ಆಡುತ್ತಿದ್ದರು. ಚಿಕ್ಕಂದಿನಲ್ಲಿ ಈ ಚಿತ್ರ ನೋಡಿದ್ದ ಅವರಿಗೆ ಮದುವೆ ಚಪ್ಪರಕ್ಕೆ ಎಮ್ಮೆ ನುಗ್ಗುವ ದೃಶ್ಯ ಒಂದೇ ನೆನಪಿತ್ತು. ಅದಕ್ಕಾಗಿ ಅರ್ಧ ಆಯುಷ್ಯ ಹುಡುಕಿ, ಕೊನೆಗೆ ಆ ಒಂದೇ ರೀಲನ್ನು ಗಳಿಸಿದ್ದರು. ಪ್ರತಿ ರವಿವಾರ ನಮ್ಮ ಮನೆಗೆ ಬಂದು, ಅಪ್ಪ ಗಾಳಿಯಾಡಲೆಂದು ಡಬ್ಬಿಗಳ ಮುಚ್ಚಳ ತೆಗೆಯುವ ಹೊತ್ತಿಗೆ ಸರಿಯಾಗಿ ಹೊಸ್ತಿಲಲ್ಲಿ ಕೂರುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಬಹುವಚನದಲ್ಲೇ ಇರಿಯುತ್ತಿದ್ದರು.

"ಅಹೋ ಹಂಚಿನಮನಿ, ನಕಲು ತಗಿಯೋವರು ಪೂರ್ತಿ ಪಿಕ್ಚರ್ ಇದ್ರ ಅಷ್ಟ ತಗೋತಾರ. ನಿಮ್ಮ ಎಂಟು ನನ್ನ ಕಡೆ ಕೊಡ್ರಿ, ನಾ ಓಡ್ಯಾಡಿ ಮಾಡಸ್ತೀನಿ."

"ಎಂಟು ಕೊಟ್ರೂ ಒಂಬತ್ತಾಗ್ತಾವ, ಒಂದು ಕೊಟ್ರೂ ಒಂಬತ್ತಾಗ್ತಾವ. ಯಾವುದು ಹಗುರರೀ ಮಾಸ್ತರ?"

"ನಿಮ್ಮ ಅಡಗಿಯವಗ ಒಂದ ಮಾತು ಅದ. ನನ್ನ ಎಮ್ಮಿ ಇಡೀ ರೀಲ್ ತುಂಬ ಅದ."

"ಎಮ್ಮಿ ಇಡೀ ಊರ ತುಂಬ ಅವ ಬಿಡ್ರಿ."

ನಗುತ್ತಲೇ ಆಡುತ್ತಿದ್ದರು. ಆದರೆ ಆ ದೀಪಾವಳಿಗೆ ಮುಂಚಿನ ರವಿವಾರ ಯಾರೂ ನಗಲಿಲ್ಲ. ಮೊದಲನೆಯ ಡಬ್ಬಿ ತೆಗೆದಾಗ ರೀಲಿನ ಸುರುಳಿಗಳು ಒಂದಕ್ಕೊಂದು ಮೆತ್ತಿಕೊಂಡಿದ್ದವು, ಅಂಚಿನಲ್ಲಿ ಬೆಲ್ಲದ ಪಾಕದಂಥ ನೊರೆ ಬಂದಿತ್ತು. ಈ ರೀಲುಗಳು ಒಳಗಿನಿಂದಲೇ ತಮ್ಮನ್ನು ತಾವು ತಿನ್ನುತ್ತವೆ, ಒಂದಕ್ಕೆ ಹಿಡಿದದ್ದು ಪಕ್ಕದ್ದಕ್ಕೂ ಹಿಡಿಯುತ್ತದೆ. ಮಾಸ್ತರರು ಬಗ್ಗಿ ನೋಡಿದರು. ತಮ್ಮದಕ್ಕೂ ಶುರುವಾಗಿದೆ ಎಂದು ಮೆಲ್ಲಗೆ ಹೇಳಿದರು. ಇನ್ನೊಂದು ಬೇಸಿಗೆ ತಡೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಾಯಿತು. ಅಷ್ಟು ಗೊತ್ತಾದ ಮೇಲೂ ಯಾರೂ ಬಾಯಿ ಬಿಟ್ಟು ಕೊಡುತ್ತೇನೆ ಅನ್ನಲಿಲ್ಲ. ಗಂಡಸರ ಹಟ ಅಂದರೆ ಏನೆಂದು ನಾನು ಅಂದು ಹತ್ತಿರದಿಂದ ನೋಡಿದೆ. ಆಮೇಲೆ ಲಗ್ನವಾದ ಮೇಲೂ ನೋಡಿದೆ, ಆದರೆ ಅದಕ್ಕೆ ಇಷ್ಟು ಕರ್ಪೂರದ ವಾಸನೆ ಇರಲಿಲ್ಲ. ಹೌದು, ಆ ಹಳೆಯ ರೀಲುಗಳಿಗೆ ಕರ್ಪೂರದ್ದೇ ವಾಸನೆ.

ದೀಪಾವಳಿಗೆ ಅವ್ವ ಮಾಡಿದ್ದನ್ನು ನಮ್ಮ ಕಡೆಯ ಹೆಂಗಸೇ ಮಾಡಬೇಕು. ಥಿಯೇಟರಿನಲ್ಲಿ ಬಿಸಾಡುವ ಹೊಸ ಚಿತ್ರಗಳ ಖಾಲಿ ಡಬ್ಬಿಗಳನ್ನು ಅಪ್ಪ ತರುತ್ತಿದ್ದ. ಗಾಳಿ ಹೋಗದ ಆ ಡಬ್ಬಿಗಳಲ್ಲಿಟ್ಟ ಚಕ್ಕುಲಿ ತಿಂಗಳಾದರೂ ಮೆತ್ತಗಾಗದು ಎಂದು ಅವ್ವ ಉಂಡಿ, ಚಕ್ಕುಲಿ, ಕರಚಿಕಾಯಿ ಎಲ್ಲ ಅವುಗಳಲ್ಲೇ ತುಂಬುತ್ತಿದ್ದಳು. ಹಬ್ಬಕ್ಕೆ ಮನೆಯ ಪಾತ್ರೆಪಗಡೆಯೆಲ್ಲ ತೊಳೆಯುವಾಗ, ತಗಡೆಂದ ಮೇಲೆ ತಗಡೇ ಎಂದು ಮಂಚದ ಕೆಳಗಿನ ಎಂಟನ್ನೂ ಎಳೆದು, ತೆರೆಯದೆ, ಹುಣಸೆಹುಳಿ ಬೂದಿ ಹಚ್ಚಿ ಮೇಲಿಂದ ತಿಕ್ಕಿಬಿಟ್ಟಳು. ದೀಪ ಹಚ್ಚಲಂತೂ ಬಿಡುವುದಿಲ್ಲ, ಹೊಳಪಾದರೂ ಬರಲಿ ಎಂಬ ಹಟ ಅವಳದು. ಅಪ್ಪ ಅಂಟಿಸಿದ್ದ ನಂಬರಿನ ಚೀಟಿಗಳು ನೀರಿನೊಡನೆ ಹೋದವು. ಫರಾಳದ, ಅಂದರೆ ಹಬ್ಬದ ತಿಂಡಿಯ ಡಬ್ಬಿಗಳೂ ಸಿನಿಮಾದ ಡಬ್ಬಿಗಳೂ ಗೋಡೆಗುಂಟ ಒಂದೇ ಸಾಲಿನಲ್ಲಿ ಬೆಳ್ಳಿಯಂತೆ ಹೊಳೆಯುತ್ತ ಕೂತವು. ಅಪ್ಪ ಹಬ್ಬದ ಹೊಸ ಚಿತ್ರದ ಆಟಗಳೆಂದು ಬೆಳಗಿನಿಂದ ಥಿಯೇಟರಿನಲ್ಲೇ ಇದ್ದ.

"ಶಕ್ಕೂ, ಆ ಕಡೀ ಡಬ್ಬಿ ಉಂಡೀದು. ಧನಕವಡಿಗೆ ಬಾಪಟ ಕಾಕುಗ ಕೊಟ್ಟು ಬಾ. ವರ್ಷದ ಹಬ್ಬ, ಅವರ ಹಟ ಅವರ ಕಡೆ."

ಅರಿವೆಯಲ್ಲಿ ಕಟ್ಟಿಕೊಂಡು ಹೊರಟೆ. ಭಾರವಿತ್ತು, ಉಂಡಿಯೂ ಭಾರವೇ. ಸ್ವಾರಗೇಟಿನಲ್ಲಿ ಬಸ್ಸು ಬದಲಿಸಲು ಇಳಿದಾಗ ಗಂಟು ಮೂಗಿನ ಹತ್ತಿರ ಬಂತು. ತುಪ್ಪದ ವಾಸನೆ ಇಲ್ಲ. ಕರ್ಪೂರ. ನಾನು ಅಲ್ಲೇ ನಿಂತೆ. ಮನೆಗೆ ಹಿಂದಿರುಗಲು ಬಸ್ಸು ಎದುರಿಗೇ ನಿಂತಿತ್ತು. ಈ ಸಂಗತಿಯನ್ನು ನಾನು ಹೆತ್ತವರಿಗೂ ಹೇಳಲಿಲ್ಲ, ಕಟ್ಟಿಕೊಂಡವನಿಗೂ ಹೇಳಲಿಲ್ಲ: ನನಗೆ ಗೊತ್ತಿತ್ತು, ಗೊತ್ತಿದ್ದೂ ಧನಕವಡಿಯ ಬಸ್ಸು ಹತ್ತಿದೆ. ಒಂದು ಹೋದರೆ ಎಂಟು ಏಳಾಗುತ್ತವೆ ಎಂದು ಲೆಕ್ಕ ಹಾಕಿದ್ದೆ. ಏಳು ಹೋಗಲು ಇನ್ನು ಏಳು ಹಬ್ಬ ಸಾಕು. ಹನ್ನೊಂದು ವರ್ಷದವಳ ಬುದ್ಧಿ. ಆದರೆ ಸಿಟ್ಟು ದೊಡ್ಡವರದೇ.

ಮಾಸ್ತರರ ಹೆಂಡತಿ ಬಾಪಟ ಕಾಕು ಹಿತ್ತಿಲ ಬದಿಯ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಕರಿಯುತ್ತಿದ್ದರು. ಕಟ್ಟಿಗೆಯ ಒಲೆ. ಕೆಂಡ ಸಿಡಿಯುತ್ತಿತ್ತು. "ಆಲೀಸ್ ಕಾ ಬಾಳ!" ಬಂದೆಯಾ ಮಗು ಎಂದು ನನ್ನನ್ನು ಹತ್ತಿರ ಕರೆದು, ಗಂಟು ಬಿಚ್ಚಿ, ಡಬ್ಬಿಯನ್ನು ಒಲೆಯ ಪಕ್ಕದ ಗೂಡಿನಲ್ಲಿಟ್ಟರು. ಬೆಚ್ಚಗಿದ್ದರೆ ಫರಾಳ ಮೆತ್ತಗಾಗುವುದಿಲ್ಲ ಎಂದರು. ನನ್ನ ಕಣ್ಣ ಮುಂದೆ ಬಕೆಟ್ಟಿನ ನೀರು ಬಂತು. ಹೇಳಿದರೆ ರೀಲು ಮಾಸ್ತರರ ಕೈಗೆ ಬೀಳುತ್ತದೆ, ಅಪ್ಪ ನನ್ನನ್ನು ಕೊಲ್ಲುತ್ತಾನೆ. ಹೇಳದಿದ್ದರೆ? ಒಲೆಯಿಂದ ಒಂದು ಕಿಡಿ ಹಾರಿ ಗೂಡಿನ ಅಂಚಿಗೆ ಬಿದ್ದು ಆರಿತು. ಕಾಕು ಅದನ್ನು ನೋಡಲೂ ಇಲ್ಲ, ಸೌಟಿನಿಂದ ಎಣ್ಣೆ ಬಸಿಯುತ್ತಿದ್ದರು. ಎರಡನೆಯ ಕಿಡಿ ಹಾರಿದಾಗ ನಾನು ಚೀರಿದೆ.

"ಕಾಕು, ಅದು ಫರಾಳ ಅಲ್ಲ! ತಗೀರಿ, ಹೊರಗ ಒಯ್ರಿ!"

ಒಳಗಿನಿಂದ ಮಾಸ್ತರರು ಓಡಿಬಂದರು. ಡಬ್ಬಿಯನ್ನು ಎದೆಗೊತ್ತಿಕೊಂಡು ಅಂಗಳಕ್ಕೆ ಒಯ್ದು, ನೆರಳಲ್ಲಿ ಕೂತು ಮುಚ್ಚಳ ತೆಗೆದರು. ಒಂದು ಗೇಣು ಬಿಚ್ಚಿ ಬೆಳಕಿಗೆ ಹಿಡಿದರು. ಎಷ್ಟೋ ಹೊತ್ತು ಹಿಡಿದೇ ಇದ್ದರು. ಆ ಪುಟ್ಟ ಚೌಕಗಳಲ್ಲಿ ಸೌಟು ಹಿಡಿದ ಮನುಷ್ಯ ಕಂಡಿರಬೇಕು.

"ಚೌಥೇ ರೀಳ... ನಾಕನೇದ್ದು. ಯಾರ ಕಳಿಸಿದ್ರು ಇದನ್ನ?"

ಅವ್ವ ಅಂದರೆ ಅವ್ವನ ಮೇಲೆ ಬರುತ್ತದೆ. ನಾನೇ ಅಂದರೆ ಕಳ್ಳಿಯಾಗುತ್ತೇನೆ.

"ಅಪ್ಪ" ಎಂದೆ.

ಮಾಸ್ತರರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದರು. ಪುನಃ ಹಾಕಿಕೊಳ್ಳಲಿಲ್ಲ. ಪ್ರತಿ ರವಿವಾರ ಆ ಅಡುಗೆಯವನ ಮಾತನ್ನು ಅಪ್ಪ ಹೇಗೆ ಆಡಿ ತೋರಿಸುತ್ತಿದ್ದನೆಂದು ಅವರಿಗೆ ಗೊತ್ತಿತ್ತು. ಎಂಟರಲ್ಲಿ ಬೇರೆ ಯಾವುದನ್ನು ಕಳಿಸಿದ್ದರೂ ಅವರು ಅದರಲ್ಲಿ ವ್ಯಾಪಾರ ಹುಡುಕುತ್ತಿದ್ದರು. ನಾನು ಖಾಲಿ ಅರಿವೆ ಮಡಿಸಿಕೊಂಡು ಓಡಿಹೋಗಲು ನೋಡುತ್ತಿದ್ದೆ. ಕಾಕು ಕೈ ಹಿಡಿದು ನಿಲ್ಲಿಸಿ ಗಂಡನತ್ತ ನೋಡಿದರು.

"ರಿಕಾಮಾ ಡಬಾ ಪಾಠವೂ ನಯೇ."

ಹಬ್ಬದ ಡಬ್ಬಿಯನ್ನು ಖಾಲಿ ಕಳಿಸಬಾರದು. ಇದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಕಾಕು ಹೇಳಿದ್ದು ಕರಚಿಕಾಯಿ ತುಂಬಿಸಿ ಕೊಡುವ ಬಗ್ಗೆ. ಮಾಸ್ತರರು ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಆರನೆಯ ರೀಲಿತ್ತು. ನಮ್ಮ ಡಬ್ಬಿಯಲ್ಲಿ ಅದನ್ನಿಟ್ಟರು. ಎರಡು ಸಲ ಮುಚ್ಚಿ ಎರಡು ಸಲ ತೆಗೆದರು. ಮೂರನೆಯ ಸಲ ಗಟ್ಟಿಯಾಗಿ ಒತ್ತಿ, ಬಸ್ಸಿನ ತನಕ ತಾವೇ ಹೊತ್ತು ತಂದು, ಬೀಡಿ ಸೇದುವವರ ಹತ್ತಿರ ಕೂರಬೇಡ ಎಂದು ಹತ್ತು ಸಲ ಹೇಳಿ ಕೊಟ್ಟರು.

ನಾನು ಕೂರಲಿಲ್ಲ, ಅವನೇ ಬಂದು ಕೂತ. ಪದ್ಮಾವತಿ ನಿಲ್ದಾಣದಲ್ಲಿ ಹತ್ತಿದ ಮುದುಕ, ಹಬ್ಬದ ಹೊಸ ಟೊಪ್ಪಿಗೆ, ಜೇಬಿನಿಂದ ಬೀಡಿ ತೆಗೆದು ತುಟಿಗಿಟ್ಟ. ಕಡ್ಡಿಪೆಟ್ಟಿಗೆ ತಡಕಾಡಿದ. ಬಸ್ಸು ಕಿಕ್ಕಿರಿದಿತ್ತು, ಏಳಲು ಜಾಗವಿರಲಿಲ್ಲ. ಮರಾಠಿಯಲ್ಲಿ ಬೇಡವೆನ್ನಬೇಕು, ನಾಲಗೆಗೆ ಮರಾಠಿಯೂ ಬರಲಿಲ್ಲ, ಕನ್ನಡವೂ ಬರಲಿಲ್ಲ. ಅವನು ಕಡ್ಡಿ ತೆಗೆದ ಕೂಡಲೇ ನಾನು ಅವನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಬೈದ, ಕಂಡಕ್ಟರ್ ಬೈದ, ಮುಂದಿನ ನಿಲ್ದಾಣದಲ್ಲಿ ಇಳಿದೆ. ಅಲ್ಲಿಂದ ಕಸಬಾ ಪೇಟೆಯ ತನಕ ಡಬ್ಬಿಯನ್ನು ತಲೆಯ ಮೇಲಿಟ್ಟು ನಡೆದೆ. ದಾರಿಯುದ್ದಕ್ಕೂ ಹುಡುಗರು ಪಟಾಕಿ ಹಚ್ಚುತ್ತಿದ್ದರು. ಒಂದೊಂದು ಸದ್ದಿಗೂ ನಾನು ರಸ್ತೆಯ ಆ ಬದಿಯಿಂದ ಈ ಬದಿಗೆ ಓಡಿದೆ. ಅಷ್ಟು ಹೆದರಿದ್ದು ಬಾಳಿನಲ್ಲಿ ಮತ್ತೆಂದೂ ಇಲ್ಲ.

ಮನೆಯಲ್ಲಿ ಅಪ್ಪ ಎರಡು ಆಟಗಳ ನಡುವೆ ಊಟಕ್ಕೆ ಬಂದಿದ್ದ. ಊಟ ಮಾಡಿರಲಿಲ್ಲ. ನೆಲದ ತುಂಬ ಡಬ್ಬಿಗಳು ಬಾಯಿ ತೆರೆದು ಬಿದ್ದಿದ್ದವು, ಏಳರಲ್ಲಿ ರೀಲು, ಉಳಿದವುಗಳಲ್ಲಿ ಚಕ್ಕುಲಿ, ಉಂಡಿ. ಅವ್ವ ಹೊಸ್ತಿಲಲ್ಲಿ ಬೂದಿ ಮೆತ್ತಿದ ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ಅಪ್ಪ ನನ್ನ ತಲೆಯಿಂದ ಡಬ್ಬಿ ಇಳಿಸಿ, ತೆಗೆದು, ಕಿಟಕಿಯ ಬೆಳಕಿಗೆ ಹಿಡಿದ. ಎಮ್ಮೆ. ವರ್ಷಗಟ್ಟಲೆ ಕಾದ ಎಮ್ಮೆ ಕೈಯಲ್ಲಿತ್ತು, ಅವನ ಮುಖ ಬಿಳಿಚಿತ್ತು.

"ನಾಕನೇದ್ದು ಎಲ್ಲಿ?"

ಸ್ವಾರಗೇಟಿನದೊಂದನ್ನು ಬಿಟ್ಟು ಎಲ್ಲ ಹೇಳಿದೆ. ಅಪ್ಪನ ಕೈ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಮಾತಾಡಿದ್ದು ಅವ್ವ, ಆ ಡಬ್ಬಿಗಳು ತೊಲಗಲಿ ಎಂದು ನಿತ್ಯ ಬೇಡುತ್ತಿದ್ದ ಅವ್ವ.

"ಈಗ ಹೋಗಿ ತರ್ರಿ. ಡಬ್ಬಿ ಅದಲಾಬದಲ ಆತು ಅನ್ರಿ. ತಪ್ಪು ನನ್ನ ಮ್ಯಾಲೆ ಹಾಕ್ರಿ."

"ಅವರು ತಮ್ಮ ಜೀವಾನ ಡಬ್ಬ್ಯಾಗ ಹಾಕಿ ಕಳಿಸ್ಯಾರ. ಅವರ ಮುಂದ ನಿಂತು, ನಾ ಕೊಟ್ಟಿರಲಿಲ್ಲ, ವಾಪಸ್ ಕೊಡ್ರಿ ಅನ್ನಲಾ?" ಅಪ್ಪ ನನ್ನ ಕಡೆ ತಿರುಗಿದ. "ನಾ ಕಳಿಸೀನಂತ ಹೇಳಿದಿ?"

"ಹೂಂ."

ಅವನು ಮಂಚದ ಮೇಲೆ ಕೂತ. ಆ ಮಂಚದ ಮೇಲೆ ಯಾರಾದರೂ ಕೂತದ್ದನ್ನು ಕಂಡು ಎಷ್ಟು ಕಾಲವಾಗಿತ್ತೋ. ಹೊರಗೆ ಯಾರೋ ಸರಪಟಾಕಿ ಹಚ್ಚಿದರು. ಅವನು ಎಮ್ಮೆಯ ರೀಲನ್ನು ಸುತ್ತಿ ಡಬ್ಬಿಗೆ ಹಾಕಿ ಮುಚ್ಚಿದ.

"ಹಂಗಾದ್ರ ನಾನ ಕಳಿಸಿದ್ದು" ಎಂದ.

ಪಾಡ್ಯದ ಬೆಳಿಗ್ಗೆ ಎಂಟು ಡಬ್ಬಿಗಳನ್ನೂ ಒದ್ದೆ ಗೋಣಿಯಲ್ಲಿ ಸುತ್ತಿ ರಿಕ್ಷಾದಲ್ಲಿಟ್ಟುಕೊಂಡು ಅಪ್ಪ ಧನಕವಡಿಗೆ ಹೊರಟ. ನನ್ನನ್ನೂ ಕರೆದ. ಅವ್ವ ಬಾಗಿಲ ತನಕ ಬಂದಳು, ಗೋಣಿಯ ತುದಿಯನ್ನು ಒಳಗೆ ಸೇರಿಸಿ ಹಿಂದೆ ಸರಿದಳು. ಗೆದ್ದವಳಂತೆ ಕಾಣಲಿಲ್ಲ. ಮಾಸ್ತರರು ಅಂಗಳದಲ್ಲಿ ಎಂಟು ಡಬ್ಬಿ ಇಳಿದದ್ದನ್ನು ನೋಡಿ ಮೊದಲು ಕೈ ಮುಗಿದರು, ಆಮೇಲೆ ಅಪ್ಪನನ್ನು ತಬ್ಬಿಕೊಂಡರು. ನಕಲು ಮಾಡಿಸಿಯೇ ತೀರುತ್ತೇನೆ, ಹೆಸರು ನಿಮ್ಮದೇ ಬರೆಸುತ್ತೇನೆ ಎಂದರು. ಅಪ್ಪ ಬೇಡವೆಂದ. ಕಾಕು ಚಹಾ ತಂದರು. ಕುಡಿಯುವಾಗ ಮಾಸ್ತರರು ನಾನು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು.

"ಒಂದು ಕೇಳಲಾ ಹಂಚಿನಮನಿ? ಎಂಟರಾಗ ನಾಕನೇದ್ದ ಯಾಕ ಮೊದಲ ಕಳಿಸಿದ್ರಿ?"

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸಾಲ ಕೇಳಲು ಬಂದವರಿಗೂ ಇದ್ದದ್ದನ್ನು ಇದೆ ಎಂದುಬಿಡುವ ಮನುಷ್ಯ. ನಾನು ಕಾಲ ಹೆಬ್ಬೆರಳನ್ನು ನೋಡುತ್ತ ಕೂತೆ. ಈಗ ಎಲ್ಲ ಹೊರಬೀಳುತ್ತದೆ ಎಂದುಕೊಂಡೆ. ಅಪ್ಪ ಬಟ್ಟಲನ್ನು ಕೆಳಗಿಟ್ಟ.

"ಅದರಾಗ ನಮ್ಮ ಮಾತು ಅದರೀ ಮಾಸ್ತರ. ಭಾಳ ಜೀವ ಇದ್ದದ್ದನ್ನ ಮೊದಲ ಕೊಟ್ಟಬಿಟ್ರ, ಉಳಿದದ್ದು ಕೊಡೋದು ಹಗುರ ಆಗ್ತದ."

ಅವನ ದನಿ ಒಂದಿಷ್ಟೂ ಅಲುಗಲಿಲ್ಲ. ಮಾಸ್ತರರು ತಲೆ ಬಗ್ಗಿಸಿದರು. ಹಿಂದಿನ ದಿನದ ತನಕ ನಮ್ಮಪ್ಪ ಅಂಥ ಮನುಷ್ಯನಾಗಿರಲಿಲ್ಲ, ಅದು ಅಲ್ಲಿ ನನಗೊಬ್ಬಳಿಗೇ ಚೆನ್ನಾಗಿ ಗೊತ್ತಿತ್ತು. ನನ್ನ ಸುಳ್ಳಿನ ಅಳತೆಗೆ ತಕ್ಕಂತೆ ಅವನು ತನ್ನನ್ನು ಹಿಗ್ಗಿಸಿಕೊಂಡಿದ್ದ, ಅದಕ್ಕೆ ಎಷ್ಟು ನೋವಾಯಿತೆಂದು ಯಾರಿಗೂ ಹೇಳಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಅವನಿಗೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಮೊಣಕಾಲ ಮೇಲಿಟ್ಟ, ಕಿಟಕಿಯ ಸರಳು ಹಿಡಿದ, ಮತ್ತೆ ಮೊಣಕಾಲಿಗೆ ತಂದ. ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ನಾ ಸುಳ್ಳ ಹೇಳಿದ್ದು ತಪ್ಪಾತು."

"ಹೂಂ, ತಪ್ಪಾತು." ಅವನು ಹೊರಗೇ ನೋಡುತ್ತಿದ್ದ. "ಇನ್ನೊಮ್ಮೆ ನನ್ನ ಹೆಸರಿಲೆ ಯಾರಿಗೂ ಏನೂ ಕೊಡಬ್ಯಾಡ ಶಕ್ಕೂ. ಕೊಡಾಕ ನನ್ನ ಕಡೆ ಇನ್ನೇನೂ ಉಳಿದಿಲ್ಲ."